ಕತ್ತು ಬಾಗಿಸಿ ತೆಗೆಯಬೇಕಾದ ಚಿತ್ರ: ಹಿರಯಾಮ ರೋಗ ಮತ್ತು ಎಂ.ಆರ್.ಐ. ಪರೀಕ್ಷೆ

ಸಣ್ಣ ಕೈಗಾರಿಕೆಗಳಲ್ಲಿ ಯಂತ್ರಗಳ ಸವಕಳಿಗೆ ಪ್ರತಿವರ್ಷವೂ ಲೆಕ್ಕವಿಡಲಾಗುತ್ತದೆ. ಆ ಯಂತ್ರಗಳನ್ನು ನಡೆಸುವ ಕೈಗಳ ಸವಕಳಿಗೆ ಯಾವ ಖಾತೆಯೂ ಇಲ್ಲ. ಇಪ್ಪತ್ತರ ಆಸುಪಾಸಿನ ಕೆಲಸಗಾರನೊಬ್ಬನ ಒಂದು ಕೈ ಕ್ರಮೇಣ ಸೊರಗಿ, ಚಾಚಿದ ಬೆರಳುಗಳು ನಡುಗಿ, ಚಳಿಯ ಮುಂಜಾನೆ ಸ್ಪ್ಯಾನರ್ ಹಿಡಿಯುವುದೂ ಕಷ್ಟವಾದರೆ, ನೋವೇನೂ ಇಲ್ಲದ ಕಾರಣ ಅದನ್ನು ಸೋಮಾರಿತನವೆಂದು ಭಾವಿಸುವ ಸಂಭವವೇ ಹೆಚ್ಚು.

ಇದರ ಹಿಂದೆ ಹಿರಯಾಮ ರೋಗವಿರಬಹುದು. ಜಪಾನಿನ ವೈದ್ಯ ಕೀಜೊ ಹಿರಯಾಮ ಇದನ್ನು 1959ರಲ್ಲಿ ವರದಿ ಮಾಡಿದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಎಂ. ಗೌರಿದೇವಿ ಮತ್ತು ಸಹೋದ್ಯೋಗಿಗಳು ಒಂದೇ ಕೈ ಅಥವಾ ಕಾಲಿಗೆ ಸೀಮಿತವಾದ ಸ್ನಾಯುಕ್ಷಯವನ್ನು ಕುರಿತು 1984ರಲ್ಲಿ ಬರೆದರು. ರೋಗಿಗಳಲ್ಲಿ ಬಹುಪಾಲು ಯುವಕರು. ಕ್ಷಯವು ಕೆಲವು ವರ್ಷ ಮುಂದುವರಿದು ಸಾಮಾನ್ಯವಾಗಿ ತಾನಾಗಿಯೇ ನಿಲ್ಲುತ್ತದೆಯಾದರೂ, ಅಷ್ಟರೊಳಗೆ ನಷ್ಟವಾದ ಸ್ನಾಯು ಪೂರ್ಣವಾಗಿ ಮರಳುವುದು ವಿರಳ.

ಕಾಣುವುದು ಕೈಯಲ್ಲಿ, ದೋಷವಿರುವುದು ಕತ್ತಿನಲ್ಲಿ. ತಲೆ ತಗ್ಗಿಸಿದಾಗ ಬೆನ್ನುಹುರಿಯ ಹೊದಿಕೆಯ ಹಿಂಭಾಗವು ಮುಂದಕ್ಕೆ ಸರಿದು ಹುರಿಯನ್ನು ಮೂಳೆಯತ್ತ ಒತ್ತುತ್ತದೆ. ತಲೆಯೆತ್ತಿದೊಡನೆ ಒತ್ತಡ ಮಾಯ. ವಾಡಿಕೆಯಂತೆ ರೋಗಿಯನ್ನು ನೆಟ್ಟಗೆ ಮಲಗಿಸಿ ತೆಗೆದ ಎಂ.ಆರ್.ಐ. ಚಿತ್ರದಲ್ಲಿ ದೋಷವು ಕಾಣದೆ ಹೋಗಬಹುದಾದುದು ಈ ಕಾರಣದಿಂದಲೇ. ಕತ್ತನ್ನು ಮುಂದಕ್ಕೆ ಬಾಗಿಸಿ ಚಿತ್ರ ತೆಗೆದರೆ ಹುರಿಯ ಹಿಂದೆ ಅರ್ಧಚಂದ್ರಾಕಾರದ ಅಂತರವು ಸ್ಪಷ್ಟವಾಗುತ್ತದೆ. ಆದುದರಿಂದ ಸ್ಕ್ಯಾನ್ ಕೇಂದ್ರಕ್ಕೆ ನೇರವಾಗಿ ಧಾವಿಸದೆ, ಮೊದಲು ನರರೋಗ ತಜ್ಞರನ್ನು ಕಂಡು, ಏನನ್ನು ಹುಡುಕಬೇಕೆಂಬುದನ್ನು ಅವರಿಂದ ಚೀಟಿಯಲ್ಲಿ ಬರೆಯಿಸಿಕೊಳ್ಳುವುದು ಲೇಸು. ಇಲ್ಲವಾದಲ್ಲಿ ಒಂದೇ ಪರೀಕ್ಷೆಗೆ ಎರಡು ಬಾರಿ ಹಣ ತೆರಬೇಕಾದೀತು. 'ಎಲ್ಲವೂ ಸರಿಯಿದೆ' ಎಂಬ ವರದಿಯನ್ನು ನಂಬಿ ಕೂತರೆ ನಷ್ಟ ಇನ್ನೂ ದೊಡ್ಡದು.

ಲೇತ್, ಗ್ರೈಂಡಿಂಗ್ ಕೆಲಸಗಾರರ ವಿಷಯದಲ್ಲಿ ಮತ್ತೊಂದು ಎಚ್ಚರಿಕೆ ಅವಶ್ಯ. ಎಂ.ಆರ್.ಐ. ಯಂತ್ರವು ಪ್ರಬಲ ಅಯಸ್ಕಾಂತ. ಎಂದೋ ಕಣ್ಣಿಗೆ ಸಿಡಿದು ಒಳಗೇ ಉಳಿದಿರುವ ಕಬ್ಬಿಣದ ಚೂರು ಅದರ ಸೆಳೆತಕ್ಕೆ ಚಲಿಸಿ ದೃಷ್ಟಿಗೇ ಕುತ್ತು ತರಬಲ್ಲದು. ಹಳೆಯ ಗಾಯವನ್ನು ಮುಚ್ಚಿಡದೆ ಹೇಳಿದರೆ, ಅಗತ್ಯವಿದ್ದಲ್ಲಿ ಮೊದಲು ಕಣ್ಣಿನ ಎಕ್ಸ್-ರೇ ತೆಗೆಯುತ್ತಾರೆ.

ವೆಚ್ಚದ ಮಾತು. ಇ.ಎಸ್.ಐ. ವೇತನ ಮಿತಿಯನ್ನು 2017ರ ಜನವರಿಯಲ್ಲಿ 15,000 ರೂ.ಗಳಿಂದ 21,000 ರೂ.ಗಳಿಗೆ ಏರಿಸಲಾಯಿತು, 2019ರ ಜುಲೈಯಲ್ಲಿ ಮಾಲೀಕರ ವಂತಿಗೆಯನ್ನು ಶೇ. 4.75ರಿಂದ 3.25ಕ್ಕೆ ಇಳಿಸಲಾಯಿತು. ವಂತಿಗೆಯನ್ನು ತಪ್ಪದೆ ಕಟ್ಟುವ ಅನೇಕ ಮಾಲೀಕರು ಕೆಲಸಗಾರನು ಕಾಯಿಲೆ ಬಿದ್ದಾಗ ಅದರ ಸೌಲಭ್ಯವನ್ನೇ ಮರೆಯುತ್ತಾರೆ. ಇದೊಂದು ವಿಚಿತ್ರ.

ಬೇಗನೆ ಪತ್ತೆಯಾದಲ್ಲಿ ಮೊದಲ ಚಿಕಿತ್ಸೆ ಕತ್ತು ಬಾಗದಂತೆ ತಡೆಯುವ ಕಾಲರ್ ಪಟ್ಟಿ; ಕೆಲವರಿಗೆ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ. ಪಟ್ಟಿ ಧರಿಸಿದವನು ತಲೆ ತಗ್ಗಿಸಿ ಲೇತ್ ಮುಂದೆ ನಿಲ್ಲಲಾರ. ಆ ಅವಧಿಯಲ್ಲಿ ಅವನನ್ನು ದಾಸ್ತಾನು ಎಣಿಕೆಗೋ, ಮಾಲು ರವಾನೆಯ ಉಸ್ತುವಾರಿಗೋ ಹಾಕುವುದು ಮಾಲೀಕನ ಕೈಯಲ್ಲಿದೆ.