ಮಾವನ ಕಂಪ್ಯೂಟರ್ ಮತ್ತು ನನ್ನ ಐದು ನಿಮಿಷದ ಉದಾಸೀನ

"ನನಗೇ ವಯಸ್ಸಾಯ್ತು ನೋಡಿ, ಕೈ ಮೊದಲಿನ ಹಾಗೆ ಓಡುವುದಿಲ್ಲ. ಬರೆಯುವುದನ್ನು ಬಿಟ್ಟುಬಿಡೋಣ ಅಂತಿದ್ದೇನೆ" ಎಂದು ಕಳೆದ ದೀಪಾವಳಿಗೆ ಡೊಂಬಿವಲಿಗೆ ಹೋದಾಗ ನನ್ನ ಮಾವ ಹೇಳಿದರು. ಅವರಿಗೆ ಈಗ ಎಪ್ಪತ್ತೆರಡು. ಹದಿಹರೆಯದಲ್ಲಿ ಊರು ಬಿಟ್ಟು ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಬ್ಯಾಂಕಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ನಿವೃತ್ತಿಯ ನಂತರ ಸಂಘದ ಸ್ಮರಣಿಕೆಗೆ, ಒಂದೆರಡು ಪತ್ರಿಕೆಗಳಿಗೆ ಬರೆಯುತ್ತಾ ಬಂದಿದ್ದಾರೆ. ಎಲ್ಲವೂ ನುಡಿ ತಂತ್ರಾಂಶದಲ್ಲಿ, ಎರಡು ಬೆರಳಿನಲ್ಲಿ, ತಾವೇ ಟೈಪ್ ಮಾಡಿದ್ದು.

ಊಟ ಆದ ಮೇಲೆ ಅವರ ಕಂಪ್ಯೂಟರ್ ಮುಂದೆ ಕುಳಿತೆ. ಬಟನ್ ಒತ್ತಿದೆ. ಅವರು ಎದ್ದು ಹೋಗಿ ದೇವರ ದೀಪಕ್ಕೆ ಎಣ್ಣೆ ಹಾಕಿ ಬಂದರು, ಆಗಲೂ ಪರದೆ ಮೇಲೆ ಚುಕ್ಕಿಗಳು ಸುತ್ತುತ್ತಲೇ ಇದ್ದವು. "ದಿನಾ ಹೀಗೇ. ಇದು ಶುರುವಾಗುವಷ್ಟರಲ್ಲಿ ಏನು ಬರೆಯಬೇಕೆಂದಿದ್ದೆನೋ ಅದೇ ಮರೆತುಹೋಗುತ್ತದೆ" ಎಂದರು. ಕೀಲಿ ಒತ್ತಿದರೆ ಅಕ್ಷರ ಮೂಡಲು ಒಂದು ಕ್ಷಣ. ಫೈಲ್ ತೆರೆಯಲು ಒಂದು ನಿಮಿಷ. ನಡುನಡುವೆ ಒಳಗಿನಿಂದ ಕಟ್ ಕಟ್ ಎಂಬ ಸದ್ದು.

ನಿಧಾನವಾಗಿದ್ದದ್ದು ಅವರ ಕೈಯಲ್ಲ, ನಾನು ಕೊಡಿಸಿದ ಕಂಪ್ಯೂಟರ್.

2021ರ ಲಾಕ್‌ಡೌನ್ ಸಮಯದಲ್ಲಿ ಸಂಘದ ಸಭೆಗಳೆಲ್ಲ ಆನ್‌ಲೈನ್ ಆದಾಗ ಅವರಿಗೊಂದು ಕಂಪ್ಯೂಟರ್ ಬೇಕಿತ್ತು. ಎರಡು ಆಫೀಸ್ ಕಾಲ್‌ಗಳ ನಡುವಿನ ಐದು ನಿಮಿಷದಲ್ಲಿ 'ಐ5, 500 ಜಿಬಿ' ಎಂದು ಬರೆದಿದ್ದ ಒಂದನ್ನು ಹನ್ನೊಂದು ಸಾವಿರಕ್ಕೆ ಆರ್ಡರ್ ಮಾಡಿಬಿಟ್ಟಿದ್ದೆ. ಹದಿನೈದು ವರ್ಷದಿಂದ ಇದೇ ಕ್ಷೇತ್ರದಲ್ಲಿ ಅನ್ನ ತಿನ್ನುವವನು ನಾನು. ಕಂಪನಿಗೆ ಸರ್ವರ್ ಆರಿಸುವಾಗ ಹತ್ತು ಸಲ ಯೋಚಿಸುವವನು ಮಾವನಿಗೆ ಒಂದು ಸಲವೂ ಯೋಚಿಸಿರಲಿಲ್ಲ. ಮುಚ್ಚಳ ಬಿಚ್ಚಿ ನೋಡಿದರೆ ಐ5 ಹೌದು, ಆದರೆ 2011ರ ಎರಡನೇ ತಲೆಮಾರಿನದು. 4 ಜಿಬಿ ರಾಮ್. ತಿರುಗುವ ಹಳೇ ಹಾರ್ಡ್ ಡಿಸ್ಕ್. ನಾಲ್ಕು ವರ್ಷ ಅವರು ಇದರ ತಪ್ಪನ್ನು ತಮ್ಮ ವಯಸ್ಸಿನ ಮೇಲೆ ಹಾಕಿಕೊಂಡಿದ್ದರು.

ನಮ್ಮ ಮನೆಗಳಲ್ಲಿ ಇಂಥ ಮಾವಂದಿರು, ಅತ್ತೆಯಂದಿರು, ಕಾಲೇಜಿಗೆ ಹೋಗುವ ಮಕ್ಕಳು ಬಹಳ ಇದ್ದಾರೆ. ಹಾಗಾಗಿ ಈ ಸಲ ನಾನು ಸರಿಯಾಗಿ ಮಾಡಿದ್ದನ್ನು, ಮೊದಲು ತಪ್ಪು ಮಾಡಿದ್ದನ್ನು ಎರಡನ್ನೂ ಹೇಳುತ್ತೇನೆ.

ಮೊದಲು ಕೆಲಸದ ಪಟ್ಟಿ

ಬೆಂಗಳೂರಿನಲ್ಲಿರುವ ನನ್ನ ಭಾವಮೈದ "ಅರವತ್ತು ಸಾವಿರದ ಲ್ಯಾಪ್‌ಟಾಪ್ ಕಳಿಸುತ್ತೇನೆ" ಎಂದ. ಮಾವ ಬೇಡವೆಂದರು. ಅಷ್ಟು ದುಡ್ಡಿನ ವಸ್ತುವನ್ನು ಮುಟ್ಟಲು ಅವರಿಗೆ ಭಯ. ಜೊತೆಗೆ ಕೊಡುವುದಾದರೆ ತಮ್ಮ ಪೆನ್ಷನ್ನಿನಿಂದಲೇ ಎಂಬ ಹಟ. "ಇಪ್ಪತ್ತೈದು ಸಾವಿರ. ಅದಕ್ಕಿಂತ ಮೇಲೆ ಬೇಡ" ಎಂದು ಗೆರೆ ಎಳೆದರು.

ಅವರ ಕೆಲಸಗಳನ್ನು ಒಂದು ಕಾಗದದಲ್ಲಿ ಬರೆದೆವು: ಕನ್ನಡ ಟೈಪಿಂಗ್, ಇಮೇಲ್, ಯೂಟ್ಯೂಬಿನಲ್ಲಿ ಯಕ್ಷಗಾನ, ವಿದ್ಯುತ್ ಬಿಲ್ ಕಟ್ಟುವುದು, ಮೊಮ್ಮಗಳ ಜೊತೆ ವೀಡಿಯೋ ಕರೆ. ಇದಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಡ, ಐ7 ಬೇಡ. ಒಂದೇ ಮೇಜಿನ ಮೇಲೆ ಕುಳಿತು ಮಾಡುವ ಕೆಲಸವಾದ್ದರಿಂದ ಲ್ಯಾಪ್‌ಟಾಪೂ ಬೇಡ. ಡೆಸ್ಕ್‌ಟಾಪಿನಲ್ಲಿ ಪರದೆ ಕಣ್ಣಿನ ಮಟ್ಟಕ್ಕೆ ಬರುತ್ತದೆ, ಕುತ್ತಿಗೆ ಬಗ್ಗಿಸಬೇಕಿಲ್ಲ. ಕೀಲಿಮಣೆ ಕೆಟ್ಟರೆ ಐನೂರು ರೂಪಾಯಿಗೆ ಇನ್ನೊಂದು ಬರುತ್ತದೆ.

ನಾಲ್ಕು ಸಂಗತಿ ನೋಡಿದರೆ ಸಾಕು

ಒಂದು, ಪ್ರೊಸೆಸರಿನ ತಲೆಮಾರು. ಐ3, ಐ5 ಎಂಬುದು ಒಂದು ತಲೆಮಾರಿನ ಒಳಗಿನ ದರ್ಜೆ ಮಾತ್ರ. ಅದರ ಮುಂದಿನ ಸಂಖ್ಯೆ ಮುಖ್ಯ. ಐ5-2400 ಎಂದರೆ ಎರಡನೇ ತಲೆಮಾರು, ಐ5-8500 ಎಂದರೆ ಎಂಟನೆಯದು, ಐ3-12100 ಎಂದರೆ ಹನ್ನೆರಡನೆಯದು. ಹನ್ನೆರಡನೇ ತಲೆಮಾರಿನ ಐ3 ಎದುರು ಎರಡನೇ ತಲೆಮಾರಿನ ಐ5 ನಿಲ್ಲುವುದೇ ಇಲ್ಲ. ಈಗ ಎಂಟನೇ ತಲೆಮಾರಿಗಿಂತ ಹಳೆಯದನ್ನು ಕೊಳ್ಳದಿರಲು ಇನ್ನೊಂದು ಕಾರಣವೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಅಧಿಕೃತವಾಗಿ ನಡೆಯಲು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚಿನದು ಮತ್ತು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಬ್ಯಾಂಕಿಂಗ್ ಮಾಡುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಎರಡು, ಎಸ್‌ಎಸ್‌ಡಿ. ಹಳೇ ಹಾರ್ಡ್ ಡಿಸ್ಕಿನಲ್ಲಿ ಗ್ರಾಮಫೋನ್ ಪ್ಲೇಟಿನ ಹಾಗೆ ತಟ್ಟೆ ತಿರುಗುತ್ತದೆ, ಮುಳ್ಳೊಂದು ಹುಡುಕಿಕೊಂಡು ಹೋಗುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವುದೇನೂ ಇಲ್ಲ, ಎಲ್ಲ ಚಿಪ್. ದಿನಬಳಕೆಯ ಕಂಪ್ಯೂಟರಿನಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಮಾಡುವುದು ಇದೊಂದೇ. 256 ಜಿಬಿ ಬಹುತೇಕರಿಗೆ ಧಾರಾಳ ಸಾಕು. '1 ಟಿಬಿ ಹಾರ್ಡ್ ಡಿಸ್ಕ್' ಎಂಬ ದೊಡ್ಡ ಸಂಖ್ಯೆಗೆ ಮರುಳಾಗಬೇಡಿ.

ಮೂರು, ರಾಮ್ 8 ಜಿಬಿ. ವಿಂಡೋಸ್ 11ಕ್ಕೆ 4 ಜಿಬಿ ಸಾಕು ಎಂದು ಕಾಗದದ ಮೇಲೆ ಇದೆ. ಬ್ರೌಸರಿನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಸತ್ಯ ಗೊತ್ತಾಗುತ್ತದೆ. 2025ರ ಕೊನೆಯಿಂದ ರಾಮ್ ಬೆಲೆ ವಿಪರೀತ ಏರಿದೆ. ಎಐ ಡೇಟಾ ಸೆಂಟರುಗಳಿಗೆ ಮೆಮೊರಿ ಚಿಪ್ ಹೋಗುತ್ತಿರುವುದೇ ಮುಖ್ಯ ಕಾರಣ. 'ಆಮೇಲೆ ಹಾಕಿಸೋಣ' ಎನ್ನುವ ಬದಲು ಕೊಳ್ಳುವಾಗಲೇ 8 ಜಿಬಿ ಇರುವಂತೆ ನೋಡಿಕೊಳ್ಳಿ.

ನಾಲ್ಕು, ಮಾನಿಟರ್. ಕನ್ನಡ ಓದುವವರಿಗೆ ಇದು ಇಂಗ್ಲಿಷ್ ಓದುವವರಿಗಿಂತ ಹೆಚ್ಚು ಮುಖ್ಯ. ಒತ್ತಕ್ಷರಗಳು ಅಕ್ಷರದ ಕೆಳಗೆ ಚಿಕ್ಕದಾಗಿ ಕೂರುತ್ತವೆ. ಸಣ್ಣ ಪರದೆಯಲ್ಲಿ ಅವು ಒಂದಕ್ಕೊಂದು ಅಂಟಿಕೊಂಡ ಹಾಗೆ ಕಾಣುತ್ತವೆ. ಕನಿಷ್ಠ 22 ಇಂಚು, 1920×1080, ಐಪಿಎಸ್ ಪ್ಯಾನೆಲ್ ಇರಲಿ. ಸೆಟ್ಟಿಂಗಿನಲ್ಲಿ ಅಳತೆಯನ್ನು 125 ಪ್ರತಿಶತಕ್ಕೆ ಇಟ್ಟರೆ ಹಿರಿಯರ ಕಣ್ಣಿಗೆ ಹಿತ.

ಲ್ಯಾಮಿಂಗ್ಟನ್ ರೋಡಿನಲ್ಲಿ ಒಂದು ಶನಿವಾರ

ದೀಪಾವಳಿ ಕಳೆದ ಮೇಲೊಂದು ಶನಿವಾರ ಮಾವ, ನಾನು ಇಬ್ಬರೂ ಡೊಂಬಿವಲಿಯಿಂದ ದಾದರಿಗೆ, ಅಲ್ಲಿಂದ ವೆಸ್ಟರ್ನ್ ಲೈನಿನಲ್ಲಿ ಗ್ರಾಂಟ್ ರೋಡಿಗೆ ಬಂದೆವು. ಪೂರ್ವಕ್ಕೆ ಇಳಿದರೆ ನಡೆಯುವ ದೂರದಲ್ಲೇ ಲ್ಯಾಮಿಂಗ್ಟನ್ ರೋಡ್. ಬೋರ್ಡಿನ ಮೇಲೆ ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ. ಭಾನುವಾರ ಹೆಚ್ಚಿನ ಅಂಗಡಿಗಳಿಗೆ ರಜೆ, ನೆನಪಿರಲಿ.

ಮೊದಲನೇ ಅಂಗಡಿಯವನು ದೊಡ್ಡ ಹೊಳೆಯುವ ಕ್ಯಾಬಿನೆಟ್ ತೋರಿಸಿ, "ಐ5 ಹೈ ಸಾಬ್, ಮಕ್ಖನ್ ಚಲೇಗಾ" ಎಂದ. ಯಾವ ತಲೆಮಾರು ಎಂದು ಕೇಳಿದೆ. "ಅರೆ ಸಾಬ್, ಐ5 ಮತ್ಲಬ್ ಐ5" ಎಂದ. ಮಾವ ನನ್ನ ಮುಖ ನೋಡಿದರು. ಐದು ನಿಮಿಷದಲ್ಲಿ ಆರ್ಡರ್ ಮಾಡಿದ ಕಂಪ್ಯೂಟರ್ ಇಬ್ಬರಿಗೂ ನೆನಪಾಯಿತು. ಅಲ್ಲಿಂದ ಹೊರಟೆವು.

ಹೊಸದಾಗಿ ಜೋಡಿಸಿದರೆ ಐ3-12100 ಅಥವಾ ರೈಜನ್ 3 ಬಗೆಯದು ಒಳ್ಳೆಯ ಆಯ್ಕೆ. ಇಲ್ಲಿ ಒಂದು ಎಚ್ಚರ: ಇಂಟೆಲ್ ಸಂಖ್ಯೆಯ ಕೊನೆಗೆ 'ಎಫ್' ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಬೇರೆ ಕಾರ್ಡ್ ಹಾಕದೆ ಪರದೆಯ ಮೇಲೆ ಏನೂ ಬಾರದು. ಸ್ವಲ್ಪ ಅಗ್ಗವೆಂದು ತೆಗೆದುಕೊಂಡು ಪೇಚಾಡಿದವರಿದ್ದಾರೆ.

ಮಾವನ ಬಜೆಟ್ಟಿಗೆ ಹೊಸದು ಮಾನಿಟರ್ ಸಹಿತ ಹೊಂದಲಿಲ್ಲ. ಹಾಗಾಗಿ ರಿಫರ್ಬಿಶ್ಡ್ ಕಡೆಗೆ ತಿರುಗಿದೆವು. ದೊಡ್ಡ ಕಂಪನಿಗಳು ಮೂರ್ನಾಲ್ಕು ವರ್ಷಕ್ಕೊಮ್ಮೆ ತಮ್ಮ ಆಫೀಸಿನ ಕಂಪ್ಯೂಟರುಗಳನ್ನು ರಾಶಿಯಾಗಿ ತೆಗೆದುಹಾಕುತ್ತವೆ. ಡೆಲ್ ಆಪ್ಟಿಪ್ಲೆಕ್ಸ್, ಲೆನೊವೊ ಥಿಂಕ್‌ಸೆಂಟರ್, ಎಚ್‌ಪಿ ಪ್ರೊಡೆಸ್ಕ್ ಇವು ಹಾಗೆ ಬರುವಂಥವು. ಗಟ್ಟಿಮುಟ್ಟಾಗಿ ಕಟ್ಟಿದ ಯಂತ್ರಗಳು. ಇವುಗಳಲ್ಲಿ ದಪ್ಪ ಪುಸ್ತಕದಷ್ಟೇ ಇರುವ 'ಟೈನಿ' ಮಾದರಿ ನಮ್ಮ ಒಂದು ಬೆಡ್‌ರೂಮಿನ ಮನೆಗಳಿಗೆ ಹೇಳಿ ಮಾಡಿಸಿದ ಹಾಗೆ. ಒಂದು ಬ್ರಾಕೆಟ್ ಸಿಕ್ಕರೆ ಮಾನಿಟರಿನ ಹಿಂದೆಯೇ ಕೂರಿಸಬಹುದು.

ನಾವು ತೆಗೆದುಕೊಂಡದ್ದು ಐ5-8500ಟಿ, 8 ಜಿಬಿ, 256 ಜಿಬಿ ಎಸ್‌ಎಸ್‌ಡಿ. ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಆನ್ ಮಾಡಿಸಿ ನೋಡಿದ್ದು ಇಷ್ಟು: ಪ್ರೊಸೆಸರ್ ಮತ್ತು ರಾಮ್ ಹೇಳಿದ್ದೇ ಇದೆಯೇ, ಎಸ್‌ಎಸ್‌ಡಿಯ ಆರೋಗ್ಯ ಎಷ್ಟು ಪ್ರತಿಶತ ತೋರಿಸುತ್ತದೆ, ವಿಂಡೋಸ್ ಅಸಲಿಯಾಗಿ ಆ್ಯಕ್ಟಿವೇಟ್ ಆಗಿದೆಯೇ, ಎಲ್ಲ ಯುಎಸ್‌ಬಿ ಕಿಂಡಿಗಳಲ್ಲಿ ಪೆನ್‌ಡ್ರೈವ್ ಓದುತ್ತದೆಯೇ, ಫ್ಯಾನ್ ಸದ್ದು ಮಾಡುತ್ತದೆಯೇ. ಕೊನೆಗೆ ಜಿಎಸ್‌ಟಿ ಬಿಲ್, ಅದರ ಮೇಲೆ ಯಂತ್ರದ ಸೀರಿಯಲ್ ನಂಬರ್ ಮತ್ತು ಒಂದು ವರ್ಷದ ವಾರಂಟಿ ಬರೆಸಿಕೊಂಡೆವು. ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇನೆ ಎಂದರೆ ಆ ಉಳಿತಾಯ ನಿಮ್ಮದಲ್ಲ.

ಲೆಕ್ಕ ಹೀಗಿತ್ತು: ಕಂಪ್ಯೂಟರ್ ₹14,500, ಹೊಸ ಮಾನಿಟರ್ ₹6,300, ಕೀಲಿಮಣೆ ಮತ್ತು ಮೌಸ್ ₹900, ಯುಪಿಎಸ್ ₹2,800, ಹಳೇ ಡಿಸ್ಕ್ ಓದುವ ಕೇಬಲ್ ₹700. ಒಟ್ಟು ₹25,200. "ಇನ್ನೂರು ಹೆಚ್ಚಾಯ್ತಲ್ಲ!" ಎಂದರು ಮಾವ. ಆ ಇನ್ನೂರು ನನ್ನದು ಎಂದು ಒಪ್ಪಿಸಲು ಲೋಕಲ್ ಟ್ರೇನಿನಲ್ಲಿ ಕುರ್ಲಾವರೆಗೆ ಮಾತಾಡಬೇಕಾಯಿತು. ಮೆಮೊರಿ ಬೆಲೆ ಏರುತ್ತಿರುವುದರಿಂದ ನೀವು ಹೋಗುವಾಗ ಈ ಅಂಕಿಗಳು ಬದಲಾಗಿರುತ್ತವೆ. ನಾಲ್ಕು ಅಂಗಡಿ ವಿಚಾರಿಸಿ.

ಯುಪಿಎಸ್ ಅನವಶ್ಯಕ ಎಂದು ಬಿಡಬೇಡಿ. ಮುಂಬಯಿಯಲ್ಲಿ ಕರೆಂಟ್ ಹೋಗುವುದಿಲ್ಲ ಎಂಬ ಹೆಮ್ಮೆ ನಮಗಿದೆ, ಆದರೆ 2020ರ ಅಕ್ಟೋಬರ್ 12ರಂದು ಲೋಕಲ್ ಸಹಿತ ಇಡೀ ನಗರ ನಿಂತದ್ದು ಮರೆತಿಲ್ಲ. ಉಪನಗರ ದಾಟಿದರೆ ಮಳೆಗಾಲದಲ್ಲಿ ಇದು ಮಾಮೂಲು. ಹತ್ತು ನಿಮಿಷ ಸಿಕ್ಕರೆ ಬರೆದದ್ದನ್ನು ಉಳಿಸಿ ಸರಿಯಾಗಿ ಬಂದ್ ಮಾಡಬಹುದು. ಇನ್ನೊಂದು ಮಾತು: ಕಂಪ್ಯೂಟರನ್ನು ನೆಲದ ಮೇಲೆ ಇಡಬೇಡಿ. 2005ರ ಜುಲೈ 26ರಂದು ನೆಲಮಾಳಿಗೆ, ನೆಲಮಹಡಿಗಳಲ್ಲಿ ಇದ್ದವರಿಗೆ ಕಾರಣ ಹೇಳಬೇಕಿಲ್ಲ.

ಕನ್ನಡದ ಕೆಲಸ

ವಿಂಡೋಸ್ 11ರಲ್ಲಿ ಕನ್ನಡ ಕೀಲಿಮಣೆ ಒಳಗೇ ಇದೆ. ಸೆಟ್ಟಿಂಗಿನಲ್ಲಿ ಕನ್ನಡ ಸೇರಿಸಿಕೊಂಡರಾಯಿತು. ಮಾವನಂಥವರ ಬೆರಳಿಗೆ ಒಗ್ಗಿರುವುದು ನುಡಿಯಲ್ಲಿರುವ ಕೆ.ಪಿ. ರಾವ್ ವಿನ್ಯಾಸ. ನುಡಿಯನ್ನೇ ಹಾಕಿಕೊಟ್ಟೆ. ಆ ಕೀಲಿಮಣೆ ರೂಪಿಸಿದ ಕೆ.ಪಿ. ರಾಯರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು ಎಂದಾಗ ಮಾವನಿಗೆ ಬಹಳ ಖುಷಿ. "ಹಾಗಾದರೆ ನಮ್ಮೂರಿನವರೇ" ಎಂದರು. ಯಾವ ಊರು ಎಂದು ನಾನು ಕೇಳಲಿಲ್ಲ.

ಹಳೇ ಡಿಸ್ಕನ್ನು ಕೇಬಲಿನಿಂದ ಜೋಡಿಸಿ ಫೈಲುಗಳನ್ನು ಎಳೆದುಕೊಂಡೆವು. ಅದು ಕಟ್ ಕಟ್ ಎನ್ನುತ್ತಲೇ ಒಂದೊಂದಾಗಿ ಕೊಟ್ಟಿತು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬರೆದವು ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಅಕ್ಷರ ಹಾಳಾಗಿದೆ ಎಂದು ಅಳಿಸಬೇಡಿ. ಈ ತಂತ್ರಾಂಶಗಳಲ್ಲೇ ಯುನಿಕೋಡ್‌ಗೆ ಬದಲಿಸುವ ಸೌಲಭ್ಯವಿದೆ. ಬದಲಿಸಿದ ಮೇಲೆ ಅರ್ಕಾವತ್ತು ಬರುವ ಕಡೆ ಒಮ್ಮೆ ಕಣ್ಣಾಡಿಸಿ. ಯುನಿಕೋಡ್ ಆದರೆ ಮೊಮ್ಮಗಳ ಮೊಬೈಲಿನಲ್ಲೂ ಓದಬಹುದು.

ಮೂರು ಫೈಲುಗಳು ಮಾತ್ರ ಬರಲಿಲ್ಲ. ಅವುಗಳಲ್ಲೊಂದು ಅವರ ರಾತ್ರಿ ಶಾಲೆಯ ನೆನಪುಗಳ ಇಪ್ಪತ್ತು ಪುಟ. ಇನ್ನೆಲ್ಲೂ ಪ್ರತಿ ಇರಲಿಲ್ಲ. ಒಂದು ಪೆನ್‌ಡ್ರೈವಿನಲ್ಲಿ ಇಟ್ಟಿದ್ದರೆ, ಗೂಗಲ್ ಉಚಿತವಾಗಿ ಕೊಡುವ 15 ಜಿಬಿಯಲ್ಲಿ ಹಾಕಿದ್ದರೆ ಉಳಿಯುತ್ತಿತ್ತು. ಅದನ್ನು ನಾಲ್ಕು ವರ್ಷದ ಹಿಂದೆ ಹತ್ತು ನಿಮಿಷದಲ್ಲಿ ಹೇಳಿಕೊಡಬಹುದಿತ್ತು. ಹೇಳಿಕೊಟ್ಟಿರಲಿಲ್ಲ. ಮಾವ ಏನೂ ಅನ್ನಲಿಲ್ಲ. ಅದೇ ನನಗೆ ಕಷ್ಟವಾದದ್ದು.

ಹಳೇ ಕಂಪ್ಯೂಟರನ್ನು ಭಂಗಾರಿಗೆ ಹಾಕಲಿಲ್ಲ. ಎರಡು ಸಾವಿರದ ಎಸ್‌ಎಸ್‌ಡಿ ಹಾಕಿ, ಲಿನಕ್ಸ್ ಮಿಂಟ್ ಎಂಬ ಉಚಿತ ವ್ಯವಸ್ಥೆ ಸೇರಿಸಿದೆ. ಅದಕ್ಕೆ ಹೊಸ ಜೀವ ಬಂತು. ಈಗ ಅವರ ಸೊಸೈಟಿಯ ವಾಚ್‌ಮನ್ ಮಗಳು ಅದರಲ್ಲಿ ಹತ್ತನೇ ಕ್ಲಾಸಿನ ಪಾಠ ನೋಡುತ್ತಾಳೆ. ಬ್ರೌಸರ್ ಮಾತ್ರ ಸಾಕು ಎನ್ನುವವರು ಹೊಸದು ಕೊಳ್ಳುವ ಮೊದಲು ಈ ದಾರಿಯನ್ನೂ ನೋಡಿ. ಮಾವನಿಗೆ ನುಡಿ ಬೇಕಿತ್ತು, ಅದು ವಿಂಡೋಸಿನದು. ಹಾಗಾಗಿ ಬೇರೆ ಕೊಳ್ಳಬೇಕಾಯಿತು.

ಮೊನ್ನೆ ಭಾನುವಾರ ಬೆಳಗ್ಗೆ ಮಾವನ ಫೋನ್ ಬಂತು. "ಆನ್ ಮಾಡಿದರೆ ಚಷ್ಮಾ ಹಾಕಿಕೊಳ್ಳುವಷ್ಟರಲ್ಲಿ ತೆರೆಯುತ್ತದೆ. ದೀಪಕ್ಕೆ ಎಣ್ಣೆ ಹಾಕುವುದೇ ಮರೆತುಹೋಗುತ್ತಿದೆ ಅಂತ ನಿಮ್ಮ ಅತ್ತೆ ಬೈಯುತ್ತಿದ್ದಾಳೆ" ಎಂದರು. ಏನು ಬರೆಯುತ್ತಿದ್ದೀರಿ ಎಂದು ಕೇಳಿದೆ.

"ಆ ರಾತ್ರಿ ಶಾಲೆಯದ್ದೇ. ಮೊದಲಿನಿಂದ ಶುರು ಮಾಡಿದ್ದೇನೆ. ಆರು ಪುಟ ಆಯಿತು. ಪೆನ್‌ಡ್ರೈವಿನಲ್ಲೂ ಹಾಕಿದ್ದೇನೆ."