ಎಸ್‌ಬಿ ಅಕೌಂಟ್ ತೆರೆಯೋಕೂ ಸಿಬಿಲ್ ಬೇಕಾ?

“ಸಿಬಿಲ್ ಕೆಟ್ಟಿದ್ರೆ ಬ್ಯಾಂಕಲ್ಲಿ ಅಕೌಂಟೇ ಕೊಡಲ್ವಂತೆ.” ಬಂಗಾರಪೇಟೆಯಿಂದ ವೈಟ್‌ಫೀಲ್ಡ್‌ಗೆ ದಿನಾ ರೈಲಲ್ಲಿ ಓಡಾಡುವ ನನಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹೇಳೋರು ದಡ್ಡರೇನಲ್ಲ. ಯೂಟ್ಯೂಬ್‌ನಲ್ಲಿ ಅಮೆರಿಕದ ವಿಡಿಯೋ ನೋಡಿರ್ತಾರೆ. ಅಲ್ಲಿ ಚೆಕ್ಸ್‌ಸಿಸ್ಟಮ್ಸ್ ಅನ್ನೋ ಸಂಸ್ಥೆಯ ವರದಿ ನೋಡಿ ಖಾತೆ ನಿರಾಕರಿಸುವ ಬ್ಯಾಂಕುಗಳು ನಿಜವಾಗಿಯೂ ಇವೆ. ನಮ್ಮಲ್ಲಿ ಹಾಗಿಲ್ಲ. ಉಳಿತಾಯ ಖಾತೆ ತೆರೆಯುವವರು ಯಾರು, ಎಲ್ಲಿರ್ತಾರೆ ಅನ್ನೋದನ್ನು ಖಚಿತ ಮಾಡಿಕೊಳ್ಳಿ ಅಂತಷ್ಟೇ ರಿಸರ್ವ್ ಬ್ಯಾಂಕ್ ನಿಯಮ ಹೇಳುತ್ತದೆ. 300ರಿಂದ 900ರವರೆಗಿನ ಆ ಸ್ಕೋರ್ ಸಾಲ ಕೊಡುವವರಿಗೆ ಬೇಕಾದದ್ದು. ನೀವು ಬ್ಯಾಂಕಿನಲ್ಲಿ ಹಣ ಇಡೋಕೆ ಹೋದಾಗ ಬ್ಯಾಂಕೇ ನಿಮಗೆ ಸಾಲಗಾರ, ಅಲ್ವಾ?

ಆದರೆ ಈ ಭಯಕ್ಕೆ ನಮ್ಮ ಜಿಲ್ಲೆಯಲ್ಲಿ ಬೇರೆ ಬೇರೂ ಇದೆ. 2009ರಲ್ಲಿ ಕೋಲಾರ, ರಾಮನಗರ ಕಡೆಗಳಲ್ಲಿ ಮೈಕ್ರೋ ಫೈನಾನ್ಸ್ ಗುಂಪು ಸಾಲದ ಕಂತು ಕಟ್ಟುವುದೇ ನಿಂತುಹೋಗಿತ್ತು. ಒಬ್ಬರೇ ನಾಲ್ಕೈದು ಕಡೆ ಸಾಲ ತೆಗೆದಿದ್ದು ಕೊಟ್ಟವರಿಗೇ ಗೊತ್ತಿರಲಿಲ್ಲ. ಮರುವರ್ಷ ಆಂಧ್ರದಲ್ಲಿ ಇನ್ನೂ ದೊಡ್ಡ ಗಲಾಟೆ ಆಯಿತು. 2011ರಲ್ಲಿ ಮಾಲೇಗಾಂ ಸಮಿತಿಯ ವರದಿ ಬಂದಮೇಲೆ ಈ ಸಣ್ಣ ಸಾಲಗಳ ಲೆಕ್ಕವೂ ಕ್ರೆಡಿಟ್ ಬ್ಯೂರೋಗಳಿಗೆ ಹೋಗತೊಡಗಿತು. ಹಾಗಾಗಿ ಹತ್ತು ಸಾವಿರದ ಗುಂಪು ಸಾಲ ತೆಗೆದ ಹೆಂಗಸರಿಗೂ ‘ಸಿಬಿಲ್’ ಅನ್ನೋ ಪದ ಗೊತ್ತು, ಮತ್ತು ಅದು ಬೈಗುಳದ ಥರ ಗೊತ್ತು.

ನಮ್ಮ ಬೋಗಿಯಲ್ಲೇ ಬರುವ ಒಬ್ಬ ಅಕ್ಕ ಈ ಭಯದಿಂದಲೇ ಖಾತೆ ತೆರೆದಿರಲಿಲ್ಲ. ಕೆಜಿಎಫ್‌ನ ಚಾಂಪಿಯನ್ ರೀಫ್ಸ್ ಕಡೆಯವರು, ಅಪಾರ್ಟ್‌ಮೆಂಟೊಂದರಲ್ಲಿ ಹೌಸ್‌ಕೀಪಿಂಗ್ ಕೆಲಸ. ಗುಂಪು ಸಾಲದ ಕಂತು ಬಾಕಿ ಇತ್ತು. ಸಂಬಳ ಅಕೌಂಟಿಗೇ ಹಾಕೋದು ಅಂತ ಗುತ್ತಿಗೆದಾರ ಹೇಳಿದಾಗ ಸೂಪರ್‌ವೈಸರ್ ತನ್ನ ಅಕೌಂಟ್ ನಂಬರ್ ಕೊಟ್ಟುಬಿಟ್ಟಿದ್ದ. ಎರಡು ತಿಂಗಳ ದುಡಿಮೆ ಅವನ ಖಾತೆಗೆ ಹೋಗಿತ್ತು. “ಕೊಡ್ತಾನೆ ತಮ್ಮಾ, ಸ್ವಲ್ಪ ಸ್ವಲ್ಪ ಕೊಡ್ತಾನೆ” ಅಂತ ಅವನ ಪರವಾಗಿ ಅವರೇ ಮಾತಾಡ್ತಿದ್ರು!

ಸಿಬಿಲ್ ಭಯ ಬಿಡಿಸೋದು ಐದು ನಿಮಿಷದ ಕೆಲಸ. ಒಂದೇ ಎಚ್ಚರಿಕೆ ಹೇಳಿದೆ: ಸಾಲ ಬಾಕಿ ಇರುವ ಬ್ಯಾಂಕಿನಲ್ಲೇ ಖಾತೆ ತೆರೆಯಬೇಡಿ, ಅಲ್ಲಿ ಬಂದ ಹಣವನ್ನು ಸಾಲಕ್ಕೆ ಹೊಂದಿಸಿಕೊಳ್ಳುವ ಹಕ್ಕು ಬ್ಯಾಂಕಿಗೆ ಇರುತ್ತೆ. ಅವರ ಸಾಲ ಬ್ಯಾಂಕಿನದ್ದಲ್ಲ, ಫೈನಾನ್ಸ್ ಕಂಪನಿಯದ್ದು. ಸರಿ, ಹೊರಟ್ರು.

ನಿಜವಾದ ಕಗ್ಗಂಟು ವಿಳಾಸದ್ದು. ಕೆಜಿಎಫ್‌ನಲ್ಲಿ ‘ನಿಮ್ಮ ಮನೆ ಎಲ್ಲಿ’ ಅನ್ನೋ ಪ್ರಶ್ನೆಗೆ ಬಾಯಲ್ಲಿ ಉತ್ತರ ಸುಲಭ, ಕಾಗದದಲ್ಲಿ ಕಷ್ಟ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು, ಜನ ಕ್ವಾರ್ಟರ್ಸ್‌ನಲ್ಲೇ ಉಳಿದರು. ಕಂಪನಿ ಮನೆ, ಹಾಗಾಗಿ ಎಷ್ಟೋ ಜನರ ಕೈಲಿ ಪತ್ರ ಇಲ್ಲ. ಕರೆಂಟ್ ಬಿಲ್ ಯಾವಾಗಲೋ ತೀರಿಹೋದ ಮಾವನ ಹೆಸರಲ್ಲಿ. ಹಳೇ ಕಾಗದದಲ್ಲಿ ಬಂಗಾರಪೇಟೆ ತಾಲ್ಲೂಕು, ಈಗ ಕೆಜಿಎಫ್ಪೇ ಬೇರೆ ತಾಲ್ಲೂಕು. (ನಮ್ಮ ಬಂಗಾರಪೇಟೆಯೇ ಒಂದು ಕಾಲಕ್ಕೆ ಬೌರಿಂಗ್‌ಪೇಟೆ. ಊರಿಗೇ ಕೆವೈಸಿ ಮಾಡಿಸಬೇಕು.) ಮನೆಮಾತು ತಮಿಳು ಆದವರಿಗೆ ಇನಿಶಿಯಲ್ ತಲೆನೋವು ಬೇರೆ: ಒಂದು ಕಾರ್ಡಲ್ಲಿ ಮುಂದೆ ಒಂದಕ್ಷರ, ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರು, ಮೂರನೆಯದರಲ್ಲಿ ಗಂಡನದು. ಈ ಅಕ್ಕನ ಆಧಾರ್‌ನಲ್ಲಿ ಇದ್ದದ್ದು ಆಂಬೂರಿನ ಮಗಳ ಮನೆ ವಿಳಾಸ.

ಮೊದಲ ದಿನ ಕೌಂಟರಿನಲ್ಲಿ ಆಧಾರ್ ಜೆರಾಕ್ಸ್ ನೋಡಿ “ಲೋಕಲ್ ಅಡ್ರೆಸ್ ಪ್ರೂಫ್ ತಗೊಂಡ್ಬನ್ನಿ” ಅಂದ್ರು. ಅಕ್ಕ ರೇಷನ್ ಕಾರ್ಡ್ ತೋರಿಸಿದರು. ಅದು ನಡೆಯಲ್ಲ. ರಿಸರ್ವ್ ಬ್ಯಾಂಕಿನ ಪಟ್ಟಿಯಲ್ಲಿರುವುದು ಆರೇ ದಾಖಲೆ: ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ಆಧಾರ್, ವೋಟರ್ ಐಡಿ, ನರೇಗಾ ಜಾಬ್ ಕಾರ್ಡ್, ರಾಷ್ಟ್ರೀಯ ಜನಸಂಖ್ಯಾ ನೋಂದಣಿಯ ಪತ್ರ. ಪ್ಯಾನ್ ಕಾರ್ಡ್ ಕೂಡ ಈ ಪಟ್ಟಿಯಲ್ಲಿಲ್ಲ, ಅದನ್ನು ತೆರಿಗೆ ಲೆಕ್ಕಕ್ಕೆ ಬೇರೆಯಾಗಿ ಕೇಳ್ತಾರೆ. ಪ್ಯಾನ್ ಇಲ್ಲದಿದ್ದರೆ ಫಾರಂ 60 ಸಾಕು. ಮದುವೆಯಿಂದ ಹೆಸರು ಬದಲಾಗಿದ್ದರೆ ಸರ್ಕಾರದ ವಿವಾಹ ಪ್ರಮಾಣಪತ್ರ ಜೊತೆಗಿಟ್ಟರೆ ಹಳೇ ಹೆಸರಿನ ದಾಖಲೆಯೂ ನಡೆಯುತ್ತೆ.

ಅವತ್ತು ರಾತ್ರಿ ನಾನು ಆ ನಿರ್ದೇಶನಗಳನ್ನು ಕೂತು ಓದಿದೆ. ಕೋಡ್ ಓದಿ ಅಭ್ಯಾಸ ಇರೋರಿಗೆ ಇದು ಅಷ್ಟೇನೂ ಬೋರ್ ಅಲ್ಲ, ಬರೀ ಇಫ್–ಎಲ್ಸ್. ಅದರಲ್ಲೊಂದು ಚೆಂದದ ತಿರುವು ಸಿಕ್ಕಿತು. ಆಧಾರ್ ಒಂದೇ ಆದರೂ ಅದನ್ನು ಕೊಡುವ ದಾರಿ ಎರಡು. ಕಾರ್ಡನ್ನು ಬರೀ ಕಾಗದವಾಗಿ ತೋರಿಸಿದರೆ, ಈಗಿನ ವಿಳಾಸ ಬೇರೆಯಾಗಿದ್ದಾಗ ಎರಡು ತಿಂಗಳೊಳಗಿನ ಕರೆಂಟ್ ಅಥವಾ ನೀರಿನ ಬಿಲ್, ಮುನಿಸಿಪಾಲಿಟಿ ತೆರಿಗೆ ರಸೀದಿ, ಇಂಥದ್ದೇನಾದರೂ ಕೊಡಬೇಕು. ಆಮೇಲೆ ಮೂರು ತಿಂಗಳಲ್ಲಿ ಹೊಸ ವಿಳಾಸದ ದಾಖಲೆಯನ್ನೂ ತರಬೇಕು. ಬದಲಿಗೆ ಬ್ರಾಂಚಿನಲ್ಲೇ ಬೆರಳು ಒತ್ತಿ ಆಧಾರ್ ಇ-ಕೆವೈಸಿ ಮಾಡಿಸಿದರೆ, ‘ನಾನು ಈಗ ಇಲ್ಲಿ ವಾಸವಿದ್ದೇನೆ’ ಅಂತ ಸ್ವಂತ ಘೋಷಣೆ ಬರೆದುಕೊಟ್ಟರೆ ಸಾಕು.

ಇದು ಗೊತ್ತಿಲ್ಲದೆ ಎಷ್ಟು ಜನ ಬಿಲ್ ಹುಡುಕ್ತಾ ಮನೆಗೆ ವಾಪಸ್ ಹೋಗಿರಬಹುದು?

ಆಧಾರ್ ಕೊಡಲು ಇಷ್ಟವಿಲ್ಲದವರಿಗೂ ದಾರಿ ಮುಚ್ಚಿಲ್ಲ. ಬ್ಯಾಂಕ್ ಖಾತೆಗೆ ಆಧಾರ್ ಕಡ್ಡಾಯ ಅನ್ನೋದನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲೇ ತೆಗೆದುಹಾಕಿತು. ಸರ್ಕಾರದ ಸಹಾಯಧನ ಬರಬೇಕಿದ್ದರೆ ಮಾತ್ರ ಲೆಕ್ಕ ಬೇರೆ. ಯಾವ ದಾಖಲೆಯೂ ಇಲ್ಲದವರು ಅಧಿಕಾರಿಯ ಎದುರು ಫೋಟೋ ಕೊಟ್ಟು, ಸಹಿ ಅಥವಾ ಹೆಬ್ಬೆಟ್ಟು ಹಾಕಿ ‘ಸಣ್ಣ ಖಾತೆ’ ತೆರೆಯಬಹುದು. ಅದರಲ್ಲಿ ಯಾವಾಗಲೂ 50,000 ರೂಪಾಯಿಗಿಂತ ಹೆಚ್ಚು ಇರುವಂತಿಲ್ಲ, ವರ್ಷಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು ಜಮೆ ಆಗುವಂತಿಲ್ಲ, ತಿಂಗಳಿಗೆ 10,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಹನ್ನೆರಡು ತಿಂಗಳು ನಡೆಯುತ್ತೆ. ಅಷ್ಟರಲ್ಲಿ ದಾಖಲೆಗೆ ಅರ್ಜಿ ಹಾಕಿದ್ದು ತೋರಿಸಿದರೆ ಇನ್ನೊಂದು ವರ್ಷ.

ಬ್ಯಾಂಕಿನವರು ಕಾರಣ ಹೇಳದೆ ಸತಾಯಿಸಿದರೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್ ಇದ್ದಾರೆ, ಮಾಹಿತಿಗೆ 14448. ಆ್ಯಪ್‌ನಲ್ಲಿ ಖಾತೆ ತೆರೆಯೋರು ಒಂದು ಗಮನಿಸಿ: ಕ್ರೆಡಿಟ್ ಕಾರ್ಡ್ ಆಫರ್‌ಗೆಂದು ನಿಮ್ಮ ಕ್ರೆಡಿಟ್ ವರದಿ ನೋಡಲು ಒಪ್ಪಿಗೆ ಕೇಳುವ ಟಿಕ್ ಗುರುತು ಅಲ್ಲೇ ಇರಬಹುದು. ಖಾತೆಗೂ ಅದಕ್ಕೂ ಸಂಬಂಧವಿಲ್ಲ.

ಎರಡನೇ ಸಲ ಅಕ್ಕ ಹೋದದ್ದು ಶನಿವಾರ, ನಾನೂ ಜೊತೆಗಿದ್ದೆ. ಇ-ಕೆವೈಸಿ ಅಂದಾಗ ಕೌಂಟರಿನ ಮೇಡಂ ಬೇಡ ಅನ್ನಲಿಲ್ಲ, “ಮೊದಲೇ ಹೇಳಬಾರದಿತ್ತಾ” ಅಂದ್ರು. ಫಿನಾಯಿಲ್, ಆ್ಯಸಿಡ್‌ನಲ್ಲಿ ಸವೆದ ಬೆರಳು ಯಂತ್ರಕ್ಕೆ ಎರಡು ಸಲ ಹತ್ತಲಿಲ್ಲ, ಮೂರನೇ ಸಲ ಎಡಗೈ ಬೆರಳು ಹತ್ತಿತು. ಕನಿಷ್ಠ ಬ್ಯಾಲೆನ್ಸ್ ಇಲ್ಲದ ಬೇಸಿಕ್ ಖಾತೆ, ಫಾರಂ 60, ಅರ್ಧ ಗಂಟೆ. ಸಿಬಿಲ್ ಅನ್ನೋ ಪದ ಯಾರ ಬಾಯಲ್ಲೂ ಬರಲಿಲ್ಲ.

ಈಗ ಸಂಬಳ ನೇರ ಅವರ ಖಾತೆಗೇ ಬರುತ್ತಿದೆ. ಸೂಪರ್‌ವೈಸರ್ ಹಳೇ ಎರಡು ತಿಂಗಳಲ್ಲಿ ಒಂದು ತಿಂಗಳದ್ದು ಕೊಟ್ಟಿದ್ದಾನೆ. ಇನ್ನೊಂದಕ್ಕೆ ‘ಮುಂದಿನ ವಾರ’ ಅಂತಿದ್ದಾನೆ. ಅಕ್ಕ ಈಗ ಅವನ ಪರ ಮಾತಾಡ್ತಿಲ್ಲ, ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಬಂದು ಗುತ್ತಿಗೆದಾರನಿಗೆ ತೋರಿಸ್ತೀನಿ ಅಂತಿದ್ದಾರೆ.