ನಮ್ಮ ಮನೆಯ ಸಾರಿಗೆ ಎಷ್ಟು ಅಂಕ?

ರಾತ್ರಿ ಪಾತ್ರೆ ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಟೀವಿಯ ಮುಂದೆ ಕುಳಿತರೆ ಅಲ್ಲೂ ಅಡಿಗೆಯೇ! "ದಿನವೆಲ್ಲಾ ಒಲೆ ಮುಂದೆ ನಿಂತದ್ದು ಸಾಲದೇನೇ?" ಎಂದು ನಮ್ಮ ಮನೆಯವರು ನಗುತ್ತಾರೆ. ಆದರೂ ನಾನು ಏಳುವುದಿಲ್ಲ. ನೀವೂ ಅಷ್ಟೇ ತಾನೇ?

ಈ ಅಡಿಗೆ ಸ್ಪರ್ಧೆಗಳ ಮೇಲೆ ನನಗೆ ಪ್ರೀತಿಯೂ ಉಂಟು, ಸಿಟ್ಟೂ ಉಂಟು.

ಮೊದಲು ಪ್ರೀತಿಯ ಮಾತು. 2010ರಲ್ಲಿ ಮಾಸ್ಟರ್‌ಶೆಫ್ ಇಂಡಿಯಾ ಶುರುವಾದಾಗ ಮೊದಲು ಗೆದ್ದವರು ಲಕ್ನೋದ ಶಾಲಾ ಶಿಕ್ಷಕಿ ಪಂಕಜ್ ಭದೌರಿಯಾ. 2023ರಲ್ಲಿ ಗೆದ್ದ ಮೊಹಮ್ಮದ್ ಆಶಿಕ್ ನಮ್ಮ ಮಂಗಳೂರಿನವರು. ಹಿಂದಿನ ಸಲ ಆಯ್ಕೆಯಾಗದೆ ಮರಳಿ, ಮತ್ತೆ ಹೋಗಿ ಗೆದ್ದವರು. 2021ರಲ್ಲಿ ಆಸ್ಟ್ರೇಲಿಯಾದ ಸ್ಪರ್ಧೆಯ ಕೊನೆಯ ಸುತ್ತಿನಲ್ಲಿ ಕಿಶ್ವರ್ ಚೌಧರಿ ಎಂಬ ಬಂಗಾಳಿ ಮನೆತನದ ಹೆಣ್ಣುಮಗಳು ಬಡಿಸಿದ್ದೇನು ಗೊತ್ತೇ? ಪಾಂತಾ ಭಾತ್. ಅಂದರೆ ನೀರು ಹಾಕಿಟ್ಟ ತಂಗಳನ್ನ! ನಮ್ಮಜ್ಜಿ ತಂಗಳನ್ನಕ್ಕೆ ಮಜ್ಜಿಗೆ ಕಲಸಿ, ಈರುಳ್ಳಿ ನಂಚಿಕೊಂಡು ಉಣ್ಣುವಾಗ ಯಾರಾದರೂ ಬಂದರೆ ತಟ್ಟೆ ಮರೆಮಾಡುತ್ತಿದ್ದರು. ಅದೇ ಅನ್ನಕ್ಕೆ ಅಲ್ಲಿ ಅಷ್ಟು ಮರ್ಯಾದೆ ಸಿಕ್ಕಿತು. ನೋಡಿ ನನ್ನ ಕಣ್ಣು ಒದ್ದೆಯಾಯಿತು.

ಇನ್ನು ಸಿಟ್ಟು. ಅಲ್ಲಿ ಸಾಮಾನೆಲ್ಲ ಸಾಲಾಗಿ ಜೋಡಿಸಿಟ್ಟಿರುತ್ತಾರೆ. ಪಾತ್ರೆ ತಿಕ್ಕುವುದನ್ನು ಯಾರೂ ತೋರಿಸುವುದಿಲ್ಲ. ಗಡಿಯಾರದ ಮುಳ್ಳು ಓಡಿದರೆ ಎದೆ ಬಡಿದುಕೊಳ್ಳುವಂಥ ಸಂಗೀತ ಬೇರೆ! ಬೆಳಿಗ್ಗೆ ಸ್ಕೂಲ್ ಬಸ್ಸು ಬರುವುದರೊಳಗೆ ತಿಂಡಿ, ಮೂರು ಡಬ್ಬಿ, ಬಿ.ಪಿ. ಇರುವ ಅತ್ತೆಯವರಿಗೆ ಉಪ್ಪು ಕಡಿಮೆಯ ಪಲ್ಯ ಮಾಡುವ ನಮಗೆ ಯಾರು ಸಂಗೀತ ಹಾಕಿದ್ದಾರೆ ಹೇಳಿ?

ಒಂದು ರಾತ್ರಿ ಆ ಕಾರ್ಯಕ್ರಮ ನೋಡುತ್ತಾ ಊಟಕ್ಕೆ ಕುಳಿತ ನನ್ನ ಮಗ, ಸಾರು ಚಪ್ಪರಿಸಿ, "ಅಮ್ಮಾ, ಹತ್ತಕ್ಕೆ ಆರು" ಅಂದ. ಇವರು, "ನಾನಾದರೆ ಐದೂವರೆ ಕೊಡ್ತಿದ್ದೆ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಒಳಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತೆ. ಇಪ್ಪತ್ತು ವರ್ಷದ ಸಾರಿಗೆ ಆರು ಅಂಕವೇ?

ಮಾರನೆಯ ದಿನ ಮಗನಿಗೆ ಹೇಳಿದೆ: "ಭಾನುವಾರದ ಸಾರು ನಿನ್ನದು. ಪಾತ್ರೆ ತೊಳೆಯುವುದೂ ಸೇರಿ ಒಂದೇ ಗಂಟೆ. ನಾನು ಜಡ್ಜು."

ಬೇಳೆ ಬೇಯಿಸಿದ, ಕೈ ಸುಟ್ಟುಕೊಂಡ, ಹುಣಿಸೆಹಣ್ಣು ಹೆಚ್ಚು ಹಾಕಿದ. ಬಡಿಸಿ ನನ್ನ ಮುಖವನ್ನೇ ನೋಡುತ್ತಾ ನಿಂತ. ಆ ನೋಟ ನನಗೆ ಹೊಸದಲ್ಲ. ಬಡಿಸಿದಾಗಲೆಲ್ಲ ನಾನೂ ಹಾಗೆಯೇ ನಿಂತಿದ್ದೇನೆ!

"ಒಗ್ಗರಣೆ ಘಮ್ಮಂತಿದೆ ಕಣೋ, ಹುಳಿ ಸ್ವಲ್ಪ ಮುಂದಾಯ್ತು" ಅಂದೆ. ಅಂಕ ಕೊಡಲಿಲ್ಲ. ಅವನ ಮುಖ ಅರಳಿತು.

ಈಗ ನಮ್ಮ ಮನೆಯಲ್ಲಿ ಅಂಕದ ಆಟ ನಿಂತಿದೆ. "ಇವತ್ತು ಸಾರು ಚೆನ್ನಾಗಿದೆ", "ಉಪ್ಪು ಕಮ್ಮಿಯಾಗಿದೆ" ಎನ್ನುತ್ತಾರೆ, ಅಷ್ಟು ಸಾಕು. ಟೀವಿಯ ಆ ಸ್ಪರ್ಧಿಗಳೂ ಬಹುಮಾನಕ್ಕಿಂತ ಹೆಚ್ಚಾಗಿ ರುಚಿ ನೋಡಿ ಆಡುವ ಒಂದು ಮಾತಿಗೇ ಕಾಯುತ್ತಾರೇನೋ ಅನಿಸುತ್ತದೆ. ಆ ಮಾತು ನಿಮ್ಮ ಮನೆಯಲ್ಲಿ ಕೇಳಿ ಎಷ್ಟು ದಿನವಾಯಿತು? ಕೇಳಿಲ್ಲವಾದರೆ ಮುಂದಿನ ಭಾನುವಾರ ಸೌಟನ್ನು ಅವರ ಕೈಗೇ ಕೊಟ್ಟು ನೋಡಿ. ಏನಂತೀರಿ?